ಒಂದು ಹಂಚು ಒಡೆದಿದ್ದಕ್ಕೆ ಇಡೀ ಮಾಡು ತೆಗೆಯಬೇಕಂತೆ!

ನಿನ್ನೆಯಿಂದ ತಲೆ ಕೆಟ್ಟಿದೆ. ಇಲ್ಲಿ ಬರೆದುಬಿಡುತ್ತೇನೆ, ಇಲ್ಲದಿದ್ದರೆ ನಮ್ಮನೆಯವರು ಬೈಸಿಕೊಳ್ಳಬೇಕಾಗುತ್ತದೆ.

ಮೊದಲ ಮಳೆಗೆ ಮೆತ್ತಿನ (ಉಪ್ಪರಿಗೆಯ) ಮೇಲೆ ಒಂದು ಕಡೆ ಸೋರಿತು. ಒಂದೇ ಕಡೆ. ಒಂದು ಚೊಂಬು ಇಟ್ಟರೆ ಸಾಕು, ಅಷ್ಟೇ. ನೋಡಲು ಶಿರಸಿಯಿಂದ ಬಂದ ಹುಡುಗ ಮೆತ್ತು ಹತ್ತಲೇ ಇಲ್ಲ. ಅಂಗಳದಲ್ಲೇ ನಿಂತು ಮೊಬೈಲಿನಲ್ಲಿ ಲೆಕ್ಕ ಹಾಕಿದ. "ಅಕ್ಕೋರೆ, ಹಂಚು ಎಲ್ಲಾ ತೆಗ್ದು ಶೀಟು ಹೊದೆಸಿಬಿಡಿ. ಮೂರು ಲಕ್ಷದೊಳಗೆ ಮಾಡಿಕೊಡ್ತೆ" ಅಂದ. ಒಂದು ಚೊಂಬು ನೀರಿಗೆ ಮೂರು ಲಕ್ಷ! ನೆಗಡಿ ಬಂತು ಅಂತ ಮೂಗು ಕೊಯ್ಯುವ ವೈದ್ಯ ಇವನೇ ಇರಬೇಕು.

ಅವನೊಬ್ಬನೇ ಆಗಿದ್ದರೆ ಸುಮ್ಮನಿರುತ್ತಿದ್ದೆ. ಬೆಂಗಳೂರಿನ ಮೈದುನನ ಮಗನೂ ಅದನ್ನೇ ಹೇಳುತ್ತಾನೆ, ಪಕ್ಕದ ಮನೆಯವರೂ ಅದನ್ನೇ. ಬಾಗಿಲ ಅಗಳಿ ಸಡಿಲಾದರೆ ಬಾಗಿಲು ಬದಲಿಸಿ. ಕಿಟಕಿಯ ಒಂದು ಸರಳು ಹೋದರೆ ಕಿಟಕಿ ಬದಲಿಸಿ. ಕೊನೆಗೆ ಮನೆಯನ್ನೇ ಕೆಡವಿ ಕಟ್ಟಿ. ಇವರ ಕೈಯಲ್ಲಿ ಸಿಕ್ಕಿದ್ದರೆ ನನ್ನ ಮಂಡಿ ನೋವಿಗೆ ಏನು ಪರಿಹಾರ ಹೇಳುತ್ತಿದ್ದರೋ!

ಮಂಗಳೂರು ಹಂಚಿನ ಗುಣವೇ ಒಂದೊಂದಾಗಿ ತೆಗೆಯಲು ಬರುವುದು, ಅಲ್ವಾ? ಅದಕ್ಕೆ ಮೊಳೆಯಿಲ್ಲ, ಅಂಟಿಲ್ಲ. ಹಿಂಬದಿಯ ಮೂಗು ರೀಪಿಗೆ, ಅಂದರೆ ಮಾಡಿನ ಮರದ ಅಡ್ಡಪಟ್ಟಿಗೆ, ಸಿಕ್ಕಿಕೊಂಡು ಕೂರುತ್ತದೆ, ಪಕ್ಕದ ಹಂಚಿನ ಕಚ್ಚಿಗೆ ಕಚ್ಚು ಸೇರುತ್ತದೆ. ಮೇಲಿನದನ್ನು ಸ್ವಲ್ಪ ಎತ್ತಿದರೆ ಒಡೆದದ್ದು ಕೈಗೆ ಬಂತು. ಮುಸಿಯ, ಅದೇ ಕಪ್ಪು ಮೂತಿಯ ಮಂಗ, ಹಲಸಿನ ಮರದಿಂದ ಮಾಡಿಗೆ ಹಾರುವ ಊರಿಗೆ ಇದಕ್ಕಿಂತ ಒಳ್ಳೆಯದು ಏನಿದೆ?

ಕಡೆಗೆ ನಮ್ಮ ಹಳೆಯ ಹಂಚಿನ ಕೆಲಸದವರನ್ನೇ ಹಿಡಿದು ತಂದೆ. ವಯಸ್ಸು ಅರವತ್ತೈದು ದಾಟಿದೆ. ಬಂದವರು ಮೊದಲು ಮೆತ್ತು ಹತ್ತಿ, ಕಿಟಕಿ ಮುಚ್ಚಿಸಿ, ಕತ್ತಲಲ್ಲಿ ಸುಮ್ಮನೆ ನಿಂತರು. ನೀರು ಬಿದ್ದ ಜಾಗ ನೋಡಲೇ ಇಲ್ಲ. ನೀರು ರೀಪಿಗೆ ಇಳಿದು, ರೀಪು ಹೊತ್ತ ಇಳಿಜಾರು ಮರ ಪಕಾಸು ಹಿಡಿದು ಕೆಳಗೆ ಬಂದು, ತನಗೆ ಬೇಕಾದಲ್ಲಿ ತೊಟ್ಟಿಕ್ಕುತ್ತದೆ. ಒಡಕು ಇದ್ದದ್ದು ನಾಲ್ಕು ಸಾಲು ಮೇಲೆ. ಸೂಜಿಮೊನೆಯಷ್ಟು ಬೆಳಕು ಕಂಡಿತು. ಅದರೊಳಗೆ ಒಂದು ಹಿಡಿಕಡ್ಡಿ ತೂರಿಸಿದರು. ಹೊರಗೆ ಹೋಗಿ ನೋಡಿದರೆ ಕೆಂಪು ಮಾಡಿನ ಮೇಲೆ ಕಡ್ಡಿಯೊಂದು ತಲೆಯೆತ್ತಿ ನಿಂತಿದೆ! ನನಗೆ ನಗು ಬಂತು, ಸ್ವಲ್ಪ ಕಣ್ಣಲ್ಲಿ ನೀರೂ ಬಂತು.

ತಡವಾದದ್ದು ಅಲ್ಲಿಂದ ಮುಂದೆ. ಎರಡು ವರ್ಷದ ಹಿಂದೆ ಒಬ್ಬ ಪುಣ್ಯಾತ್ಮ ಅಲ್ಲಿ ಸಿಮೆಂಟು ಮೆತ್ತಿ ಹೋಗಿದ್ದ. ಒಂದು ಹಂಚು ತೆಗೆಯಲು ಮೂರು ಒಡೆಯಬೇಕಾಯಿತು. ರೀಪಿನ ಒಂದು ಮೊಳ ವರಲೆ (ಗೆದ್ದಲು) ತಿಂದಿತ್ತು. ಅಷ್ಟು ಮಾತ್ರ ಕತ್ತರಿಸಿ ಹೊಸ ತುಂಡು ಕೊಟ್ಟು ಗೇರೆಣ್ಣೆ ಸವರಿದರು. ಆಸರಿ ಕುಡಿದು, ಕವಳ ಹಾಕಿ, ಒಂದು ದಿನದ ಸಂಬಳ ತಗೊಂಡು ಹೋದರು. ಮೂರು ಲಕ್ಷದ ಕೆಲಸ ಮುಗಿಯಿತು.

ತೆಗೆದ ಹಂಚಿನ ಬೆನ್ನಿನ ಮೇಲೆ ಬಾಸೆಲ್ ಮಿಷನ್, 1865 ಅಂತ ಅಚ್ಚಿದೆ. ಫೋಟೋ ಕಳಿಸಿದೆ. ಮೈದುನನ ಮಗ, "ದೊಡ್ಡಮ್ಮ, ನಮ್ಮನೆ ಅಷ್ಟು ಹಳೇದಾ?" ಅಂದ. ಅಲ್ಲವೋ, ಅದು ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಪಾದ್ರಿಗಳ ಹಂಚಿನ ಕಾರ್ಖಾನೆ ಶುರುವಾದ ವರ್ಷ. ಮೊದಲು ನಮ್ಮದು ಸೋಗೆ ಮಾಡು. ಹಂಚು ಬಂದದ್ದು ಕುಮಟೆಯಿಂದ ದೇವಿಮನೆ ಘಟ್ಟ ಹತ್ತಿ, ಗಾಡಿಯಲ್ಲಿ ಅಂತ ಮಾವನವರು ಹೇಳುತ್ತಿದ್ದರು.

ಶೀಟು ಹಾಕಿದವರಿಗೂ ಅವರ ಕಷ್ಟ ಇದೆ, ಒಪ್ಪಿದೆ. ಹಂಚು ಹತ್ತುವ ಜನ ಇಲ್ಲ, ಮರಕ್ಕೆ ಬೆಲೆ ಜಾಸ್ತಿ, ಮುಸಿಯನ ಕಾಟ. ಆದರೆ ಏಪ್ರಿಲ್ಲಿನಲ್ಲಿ ಆ ಶೀಟಿನ ಕೆಳಗೆ ಅರ್ಧ ಗಂಟೆ ಕೂತು ಆಮೇಲೆ ಹೇಳಿ. ಮಳೆ ಬಂದರೆ ತಲೆ ಮೇಲೇ ಚಂಡೆ. ನನಗೆ ಹೇಗೆ ಗೊತ್ತು ಅಂತೀರಾ? ನಮ್ಮ ಬಚ್ಚಲುಮನೆಗೆ ಶೀಟು ಹಾಕಿಸಿದವಳು ನಾನೇ. ಹೋದ ವರ್ಷ ಇಡೀ ಮನೆಗೂ ಒಂದು ಕೊಟೇಶನ್ ತರಿಸಿದ್ದೆ. ಅಕ್ಕಿ ಡಬ್ಬಿಯ ಕೆಳಗೆ ಇಟ್ಟಿದ್ದೇನೆ, ಮನೆಯವರಿಗೆ ಇನ್ನೂ ಗೊತ್ತಿಲ್ಲ. ಇದನ್ನು ಓದಿದರೆ ಗೊತ್ತಾಗುತ್ತದೆ, ಆಗಲಿ.

ಈಗ ಕೊಟ್ಟಿಗೆಯ ಹಿಂದೆ ಉಳಿದಿರುವುದು ಹನ್ನೊಂದೇ ಹಂಚು. ಹೊಸ ಹಂಚು ತಂದು ನೋಡಿದೆ, ಕಚ್ಚು ಕೂರುವುದಿಲ್ಲ. ಹಳೇ ಮನೆ ಕೆಡವಿ ಹಿತ್ತಿಲಲ್ಲಿ ಹಂಚು ಪೇರಿಸಿಟ್ಟವರು ಯಾರಾದರೂ ಇದ್ದರೆ ಹೇಳಿ. ಹಿಂದೆ ಇದೇ ಅಚ್ಚು ಇರಬೇಕು. ಸಿದ್ದಾಪುರ, ಯಲ್ಲಾಪುರ ಎಲ್ಲಿದ್ದರೂ ಅಡ್ಡಿಯಿಲ್ಲ, ಆಟೋ ಮಾಡಿಕೊಂಡು ನಾನೇ ಬಂದು ಒಯ್ಯುತ್ತೇನೆ.