ಮೊದಲು ಕೇಬಲ್ ನೋಡ್ರಪ್ಪಾ

ಡಿಸೆಂಬರ್ ಬಂತು ಅಂದ್ರೆ ಪುಣೆಯಲ್ಲಿ ನನಗೆ ಬೆಳಗಿನ ಐದು ಗಂಟೆಯದ್ದೇ ಚಿಂತೆ. ಮಾರ್ಕೆಟ್ ಯಾರ್ಡ್‌ನಲ್ಲಿ ಈರುಳ್ಳಿ ಇಳಿಸಿ ವಿಜಯಪುರಕ್ಕೆ ಹೊರಡಬೇಕು, ನಮ್ಮ ಹಳೇ ಲಾರಿ ಸೆಲ್ಫ್ ಹೊಡೆದರೆ ಎರಡು ಸಲ ಗರ್ ಅಂದು ಸುಮ್ಮನಾಗುತ್ತದೆ. ಮೆಕ್ಯಾನಿಕ್ ಮೀಟರ್ ಕೂಡ ಹಚ್ಚಿ ನೋಡಲಿಲ್ಲ, "ಬ್ಯಾಟರಿ ಹೋಗಿದೆ" ಅಂದುಬಿಟ್ಟ. 24 ವೋಲ್ಟಿನ ಗಾಡಿ, ಒಂದಲ್ಲ, ಎರಡು ಬ್ಯಾಟರಿ! ಸಾಲ ಮಾಡಿ ಹಾಕಿಸಿದೆ. ಮರುದಿನವೂ ಅದೇ ಗೋಳು.

ಡೀಸೆಲ್‌ಗೆ ಸ್ಪಾರ್ಕ್ ಇಲ್ಲ, ಗಾಳಿ ಒತ್ತಿದ ಬಿಸಿಗೇ ಹತ್ತಬೇಕು. ಚಳಿಗೆ ಆಯಿಲ್ ಗಟ್ಟಿ. ಎಂಜಿನ್ ನಿಧಾನ ತಿರುಗಿದರೆ ಅಷ್ಟು ಬಿಸಿ ಎಲ್ಲಿಂದ ಬರಬೇಕು? ಕೊನೆಗೆ ನಾನೇ ಟಾರ್ಚ್ ಹಿಡಿದು ಕೆಳಗೆ ತೂರಿದೆ. ಬ್ಯಾಟರಿಯಿಂದ ಗಾಡಿಯ ಚಾಸಿಗೆ ಹೋಗುವ ಅರ್ಥ್ ಕೇಬಲ್ಲಿನ ಬೋಲ್ಟ್ ಸುತ್ತ ಹಸಿರು ಕಿಲುಬು, ಬೆರಳಿಗೆ ಪುಡಿಪುಡಿ. ಸೆಲ್ಫಿಗೆ ಕರೆಂಟ್ ಸರಿಯಾಗಿ ಸಿಗಬೇಕಲ್ಲ! ಉಪ್ಪುಕಾಗದದಲ್ಲಿ ಉಜ್ಜಿ ಬಿಗಿದೆ. ಒಂದೇ ಸೆಲ್ಫಿಗೆ ಎದ್ದಿತು. ಇಷ್ಟು ನೋಡಲು ಐದು ನಿಮಿಷ ಸಾಕಿತ್ತಲ್ವಾ? ನನ್ನ ದುಡ್ಡು ಯಾರು ಕೊಡುತ್ತಾರೆ?