ಮನೆಯ ಕಂಪ್ಯೂಟರ್‌ಗೆ ಡೆಬಿಯನ್ ಸ್ಟೇಬಲ್ ಸರಿಯೇ?

ಪರ: ಗುಂಡಿ ಇದ್ದಲ್ಲೇ ಇರಲಿ

ಶಿರಸಿ ಹತ್ತಿರದ ನಮ್ಮ ಮನೆಯಲ್ಲಿ ಅಪ್ಪ ಅಡಿಕೆ ಲೆಕ್ಕ ಇಡುವುದು ಒಂದು ಹಳೆಯ ಡೆಸ್ಕ್‌ಟಾಪ್‌ನಲ್ಲಿ. 2023ರಲ್ಲಿ ಅದಕ್ಕೆ ಡೆಬಿಯನ್ 12 ಹಾಕಿಕೊಟ್ಟೆ. ಡೆಬಿಯನ್ ಅಂದರೆ ವಿಂಡೋಸ್ ಬದಲಿಗೆ ಹಾಕಿಕೊಳ್ಳಬಹುದಾದ ಒಂದು ಬಗೆಯ ಲಿನಕ್ಸ್, ಅದರಲ್ಲಿ ಎಲ್ಲರ ಬಳಕೆಗೆ ಬಿಡುವ ಕವಲಿನ ಹೆಸರು ಸ್ಟೇಬಲ್. ಮೊದಲ ದಿನವೇ ಅಪ್ಪ ನೋಟ್‌ಬುಕ್ಕಿನಲ್ಲಿ ಬರೆದುಕೊಂಡರು: ಎಲ್ಲಿ ಒತ್ತಬೇಕು, ಲೆಕ್ಕದ ಫೈಲು ಎಲ್ಲಿದೆ, ಪ್ರಿಂಟ್ ಹೇಗೆ. ಎರಡು ವರ್ಷ ಆ ಪುಟದಲ್ಲಿ ಒಂದು ಸಾಲೂ ತಿದ್ದಬೇಕಾಗಲಿಲ್ಲ. ಎಪ್ಪತ್ತು ದಾಟಿದವರಿಗೆ ಇದಕ್ಕಿಂತ ದೊಡ್ಡ ಅನುಕೂಲ ಬೇರೆ ಏನಿದೆ?

ಸ್ಟೇಬಲ್ ಅಂದರೆ ಕ್ರ್ಯಾಶ್ ಆಗದ್ದು ಅಂತ ಬಹಳ ಜನ ತಿಳಿದಿದ್ದಾರೆ. ಅದರ ನಿಜವಾದ ಅರ್ಥ, ಬದಲಾಗದ್ದು. ಸುಮಾರು ಎರಡು ವರ್ಷಕ್ಕೊಮ್ಮೆ ಹೊಸ ಆವೃತ್ತಿ ಬರುತ್ತದೆ. ನಡುವೆ ಭದ್ರತೆಯ ದೋಷ ಕಂಡರೆ, ಹೆಚ್ಚಿನ ತಂತ್ರಾಂಶಗಳಿಗೆ ಹಳೆಯದರ ಮೇಲೇ ತೇಪೆ ಹಾಕಿ ಕೊಡುತ್ತಾರೆ, ಹೊಸದನ್ನು ತಂದು ತುರುಕುವುದಿಲ್ಲ.

ಇದರ ಬೆಲೆ ತಿಳಿದದ್ದು 2024ರ ಮಾರ್ಚ್ 29ರಂದು. ಆಂಡ್ರೆಸ್ ಫ್ರಾಯ್ಂಡ್ ಎಂಬ ಎಂಜಿನಿಯರ್ ಡೆಬಿಯನ್‌ನ ಪ್ರಯೋಗದ ಕವಲಾದ ಸಿಡ್‌ನಲ್ಲಿ ಕೆಲಸ ಮಾಡುತ್ತಿದ್ದಾಗ, ದೂರದಿಂದ ಕಂಪ್ಯೂಟರ್‌ನೊಳಗೆ ಹೋಗುವ ಎಸ್‌ಎಸ್‌ಎಚ್ ಲಾಗಿನ್‌ಗೆ ಅರ್ಧ ಸೆಕೆಂಡು ಹೆಚ್ಚು ಹಿಡಿಯುವುದನ್ನು ಗಮನಿಸಿದರು. ಬೆನ್ನು ಹತ್ತಿ ನೋಡಿದರೆ, ಎಕ್ಸ್‌ಝಡ್ ಎಂಬ ಸಂಕುಚನ ತಂತ್ರಾಂಶದ 5.6.0 ಮತ್ತು 5.6.1 ಆವೃತ್ತಿಗಳಲ್ಲಿ ಯಾರೋ ಕಳ್ಳಬಾಗಿಲು ಕೂರಿಸಿದ್ದರು. ಹೊಸತಿಗೆ ಮೊದಲು ಕೈಚಾಚಿದ ಕವಲುಗಳಿಗೆ ಅದು ಆಗಲೇ ತಲುಪಿತ್ತು. ಅಪ್ಪನ ಕಂಪ್ಯೂಟರ್‌ನಲ್ಲಿ ಇದ್ದದ್ದು 5.4.1. ಆ ದಿನ ನಾನು ಊರಿಗೆ ಫೋನ್ ಮಾಡುವ ಅಗತ್ಯವೇ ಬೀಳಲಿಲ್ಲ.

ಇನ್‌ಸ್ಟಾಲ್ ಕಷ್ಟ ಅನ್ನುವವರು ಹಳೆಯ ನೆನಪಿನಲ್ಲಿ ಮಾತಾಡುತ್ತಿದ್ದಾರೆ. ಮೊದಲು ವೈಫೈ ಚಿಪ್ ಓಡಲು ಬೇಕಾದ ಪುಟ್ಟ ತಂತ್ರಾಂಶವನ್ನು, ಅಂದರೆ ಫರ್ಮ್‌ವೇರ್ ಅನ್ನು, ಬೇರೆ ಪೆನ್‌ಡ್ರೈವ್‌ನಲ್ಲಿ ಹೊತ್ತು ತರಬೇಕಿತ್ತು. 2022ರಲ್ಲಿ ಡೆಬಿಯನ್ ಸದಸ್ಯರು ಮತ ಹಾಕಿ ಅದನ್ನು ಬದಲಿಸಿದರು. 12ನೇ ಆವೃತ್ತಿಯಿಂದ ಫರ್ಮ್‌ವೇರ್ ಅಧಿಕೃತ ಇಮೇಜ್‌ನಲ್ಲೇ, ಅಂದರೆ ಇನ್‌ಸ್ಟಾಲ್ ಮಾಡಲು ಇಳಿಸಿಕೊಳ್ಳುವ ಕಡತದಲ್ಲೇ, ಇದೆ. ಕಳೆದ ದೀಪಾವಳಿ ರಜೆಯಲ್ಲಿ 13ಕ್ಕೆ ಏರಿಸಿದ್ದೂ ಸುಲಭವಾಗೇ ಆಯಿತು: ಬ್ಯಾಕಪ್ ತೆಗೆದೆ, ಪ್ಯಾಕೇಜ್ ಮೂಲಗಳ ಪಟ್ಟಿಯಲ್ಲಿ 12ರ ಹೆಸರಾದ ಬುಕ್‌ವರ್ಮ್ ಇದ್ದ ಕಡೆಯೆಲ್ಲ 13ರ ಹೆಸರಾದ ಟ್ರಿಕ್ಸಿ ಅಂತ ಬರೆದೆ, ತಂತ್ರಾಂಶ ಇಳಿಸಿ ಹಾಕುವ ಆಪ್ಟ್ ಓಡಿಸಿದೆ. ಸಂಜೆ ಅಪ್ಪ ಲೆಕ್ಕಕ್ಕೆ ಕೂತರು.

ವಿರೋಧ: ಹೊಸ್ತಿಲಲ್ಲೇ ಎಡವಬಾರದು

ಬಲ್ಲ ಮಗ ಇರುವ ಮನೆಯ ಮಾತು ಬೇರೆ. ನಾನು ರಜೆಯ ದಿನ ಕಾಲೇಜು ಮಕ್ಕಳಿಗೆ ಲಿನಕ್ಸ್ ಹಾಕುವುದನ್ನು ಕಲಿಸುತ್ತೇನೆ. ಅವರ ಕೈಯಲ್ಲಿರುವುದು ಹಳೆಯ ಡೆಸ್ಕ್‌ಟಾಪ್ ಅಲ್ಲ, ಸಾಲ ಮಾಡಿ ಕೊಂಡ ಹೊಸ ಲ್ಯಾಪ್‌ಟಾಪ್. ಅವರಿಗೆ ಸ್ಟೇಬಲ್ ಕೊಡಬೇಡಿ.

ಡೆಬಿಯನ್ 13ರ ಕರ್ನಲ್, ಅಂದರೆ ಯಂತ್ರದ ಭಾಗಗಳನ್ನು ನಡೆಸುವ ತಿರುಳು, 6.12. ಅದು ಬಂದದ್ದು 2024ರ ನವೆಂಬರ್‌ನಲ್ಲಿ. ಆಮೇಲೆ ಮಾರುಕಟ್ಟೆಗೆ ಬಂದ ವೈಫೈ ಚಿಪ್ ಅದಕ್ಕೆ ಗೊತ್ತಿರಲಿಕ್ಕಿಲ್ಲ. ಡೆಬಿಯನ್‌ನ ಡೌನ್‌ಲೋಡ್ ಗುಂಡಿ ಒತ್ತಿದರೆ ಸಿಗುವುದು ನೆಟ್‌ಇನ್‌ಸ್ಟ್, ಅಂದರೆ ಉಳಿದದ್ದನ್ನೆಲ್ಲ ನೆಟ್‌ನಿಂದ ಇಳಿಸಿಕೊಳ್ಳುವ ಚಿಕ್ಕ ಇಮೇಜ್. ವೈಫೈ ಕಾಣದಿದ್ದರೆ ಅಲ್ಲಿಗೇ ನಿಂತಿತು. ಯುಎಸ್‌ಬಿ ತಂತಿ ಹಾಕಿ ಮೊಬೈಲ್‌ನಿಂದ ನೆಟ್ ಕೊಡಬಹುದು ಅಂತ ಮೊದಲ ಸಲ ಕೂತವರಿಗೆ ಹೇಗೆ ಹೊಳೆಯಬೇಕು?

ಮುಂದೆ ಇನ್‌ಸ್ಟಾಲರ್ ರೂಟ್, ಅಂದರೆ ಪೂರ್ಣ ಅಧಿಕಾರದ ಖಾತೆಯ, ಪಾಸ್‌ವರ್ಡ್ ಕೇಳುತ್ತದೆ. ಕೇಳಿದರೆ ಯಾರಾದರೂ ಕೊಡುತ್ತಾರೆ. ಕೊಟ್ಟರೆ, ಆಮೇಲೆ ಆ ಅಧಿಕಾರ ಬೇಡಲು ಸುಡೊ ಅಂತ ಟೈಪ್ ಮಾಡಿದಾಗ ನಿಮ್ಮ ಹೆಸರು ಸುಡೊಯರ್ಸ್ ಕಡತದಲ್ಲಿ ಇಲ್ಲ ಎಂಬ ಉತ್ತರ. ಆ ಜಾಗ ಖಾಲಿ ಬಿಟ್ಟಿದ್ದರೆ ಮಾತ್ರ ಆ ಅಧಿಕಾರ ಸಿಗುತ್ತಿತ್ತು. ಇದನ್ನು ತೆರೆಯ ಮೇಲೆ ಬರೆದಿದ್ದಾರೆ ನಿಜ. ಆದರೆ ಡಿಸ್ಕ್ ಅಳಿಸಿಹೋದೀತು ಎಂಬ ಭಯದಲ್ಲಿ ಕೂತವರು ಪ್ಯಾರಾ ಓದುವುದಿಲ್ಲ.

ಎಕ್ಸ್‌ಝಡ್ ಉದಾಹರಣೆಯೂ ಸ್ಟೇಬಲ್ ಒಂದನ್ನೇ ಎತ್ತಿಹಿಡಿಯುವುದಿಲ್ಲ. ನಾನು ಮಕ್ಕಳಿಗೆ ಕೊಡುವ ಇನ್ನೊಂದು ಲಿನಕ್ಸ್ ಫೆಡೋರಾ. ಅದರ ಆಗಿನ 39ನೇ ಆವೃತ್ತಿಗೂ ಆ ಕಳ್ಳಬಾಗಿಲು ತಲುಪಿರಲಿಲ್ಲ, ಸಿಕ್ಕಿಬಿದ್ದದ್ದು ಅದರ ಪ್ರಯೋಗದ ಕವಲಾದ ರಾಹೈಡ್ ಮತ್ತು 40ರ ಬೀಟಾ. ಡೆಬಿಯನ್ನಿನವರೇ 2006ರಲ್ಲಿ ಗುಪ್ತ ಸಂವಹನದ ಕೀಲಿ ಮಾಡಿಕೊಡುವ ಓಪನ್‌ಎಸ್‌ಎಸ್‌ಎಲ್‌ಗೆ ಹಾಕಿದ ತಪ್ಪು ತೇಪೆ 2007ರ ಸ್ಟೇಬಲ್‌ನಲ್ಲಿ ಸೇರಿಕೊಂಡು, ಊಹಿಸಬಹುದಾದ ಕೀಲಿಗಳನ್ನು ಹುಟ್ಟಿಸುತ್ತಾ 2008ರ ಮೇವರೆಗೂ ಕೂತಿತ್ತು.

ಫೆಡೋರಾಕ್ಕೆ ಸುಮಾರು 13 ತಿಂಗಳ ಬೆಂಬಲ ಮಾತ್ರ, ವರ್ಷಕ್ಕೊಮ್ಮೆ ಏರಿಸಲೇಬೇಕು. ಅದನ್ನು ಮಕ್ಕಳಿಗೆ ಮೊದಲೇ ಹೇಳುತ್ತೇನೆ. ಆಮೇಲೆ ಲೈವ್ ಪೆನ್‌ಡ್ರೈವ್, ಅಂದರೆ ಇನ್‌ಸ್ಟಾಲ್ ಮಾಡದೆ ನೇರ ಓಡಿಸಬಹುದಾದದ್ದು, ಕೊಡುತ್ತೇನೆ. ಡೆಬಿಯನ್‌ಗೂ ಲೈವ್ ಇದೆ, ಹುಡುಕಬೇಕು ಅಷ್ಟೆ. ಡಿಸ್ಕ್ ಮುಟ್ಟದೆಯೇ ವೈಫೈ ಬಂತೇ, ಸ್ಪೀಕರ್ ಕೇಳಿಸಿತೇ, ಒತ್ತಕ್ಷರ ಸರಿಯಾಗಿ ಕೂತಿತೇ, ಎಲ್ಲವನ್ನೂ ಅವರೇ ನೋಡುತ್ತಾರೆ. ಸರಿ ಅನ್ನಿಸಿದ ಮೇಲೆ ಇನ್‌ಸ್ಟಾಲ್ ಒತ್ತುವವರೂ ಅವರೇ.