ಓದಿಕೊಂಡು ಬಾ ಎನ್ನುವ ಮುನ್ನ

ಮಾರ್ಕ್ಸ್‌ವಾದದ ಬಗ್ಗೆ ಒಂದು ಕೊಂಕು ಮಾತು ಬರೆದು ನೋಡಿ, ಕಾರ್ಲ್ ಮಾರ್ಕ್ಸ್‌ನ ಮಹಾಗ್ರಂಥದ ಹೆಸರೆತ್ತಿ "ಮೊದಲು ಕ್ಯಾಪಿಟಲ್ ಓದಿಕೊಂಡು ಬಾ" ಎಂಬ ಅಪ್ಪಣೆ ಬಂದೇ ಬರುತ್ತದೆ. ಬಂಡವಾಳಶಾಹಿಯನ್ನು ಬೈದರೆ ಎದುರು ಪಾಳಯದಿಂದ ಆಡಂ ಸ್ಮಿತ್, ಹಯೆಕ್ ಎಂಬ ಮಾರುಕಟ್ಟೆ ಪರ ಅರ್ಥಶಾಸ್ತ್ರಜ್ಞರ ಹೆಸರುಗಳು ತೂರಿಬರುತ್ತವೆ. ಅಪ್ಪಣೆ ಕೊಟ್ಟವರು ತಾವು ಓದಿದ್ದಾರೆಯೇ ಎಂದು ಕೇಳುವ ರೂಢಿ ಮಾತ್ರ ನಮ್ಮಲ್ಲಿಲ್ಲ.

ಕೋಲಾರ ಜಿಲ್ಲೆಯವನಾದ ನನಗೆ ಈ ಷರತ್ತು ಹಾಸ್ಯಾಸ್ಪದವಾಗಿ ಕಾಣುತ್ತದೆ. ಕೆಜಿಎಫ್ ಕಡೆ ನೋಡಿ. 1880ರ ದಶಕದಿಂದ ಅಲ್ಲಿ ಚಿನ್ನ ತೆಗೆದದ್ದು ಜಾನ್ ಟೇಲರ್ ಅಂಡ್ ಸನ್ಸ್ ಎಂಬ ಬ್ರಿಟಿಷ್ ಕಂಪನಿ. ಲಾಭ ಲಂಡನ್ನಿಗೆ ಹೋಯಿತು, ಕಲ್ಲಿನ ಧೂಳು ಕಾರ್ಮಿಕರ ಶ್ವಾಸಕೋಶದಲ್ಲಿ ಉಳಿಯಿತು. 1956ರಲ್ಲಿ ಗಣಿ ಸರ್ಕಾರದ ಕೈಗೆ ಬಂತು. 2001ರಲ್ಲಿ ಬಾಗಿಲು ಹಾಕಿದ್ದೂ ಸರ್ಕಾರಿ ಕಂಪನಿಯೇ. ಇಂದಿಗೂ ಗಾಳಿ ಜೋರಾದರೆ ಚಿನ್ನ ತೆಗೆದು ಬಿಸಾಡಿದ ತ್ಯಾಜ್ಯದ ಸೈನೈಡ್ ದಿಬ್ಬಗಳ ನುಣ್ಣನೆಯ ಪುಡಿ ಗಣಿ ಕಾರ್ಮಿಕರ ಸಾಲುಮನೆಗಳಾದ ಲೈನ್ ಮನೆಗಳ ಒಳಗೆ ಬಂದು ಕೂರುತ್ತದೆ, ತಟ್ಟೆಯ ಮೇಲೆ, ಹಾಸಿಗೆಯ ಮೇಲೆ. ಆ ಮನೆಯ ಹೆಂಗಸು ಖಾಸಗಿ ಲಾಭವನ್ನೂ ಸರ್ಕಾರಿ ಒಡೆತನವನ್ನೂ ಒಂದೇ ಉಸಿರಿನಲ್ಲಿ ಶಪಿಸಿದರೆ, ಯಾವ ಗ್ರಂಥ ಓದಿದ್ದೀಯಮ್ಮ ಎಂದು ಕೇಳುವ ಮುಖ ಯಾರಿಗಿದೆ? ವ್ಯವಸ್ಥೆಯನ್ನು ಅನುಭವಿಸಿದವರಿಗೆ ಅದರ ಬಗ್ಗೆ ಮಾತನಾಡಲು ಪರೀಕ್ಷೆ ಬೇಕಿಲ್ಲ.

ಆದರೆ "ಮಾರ್ಕ್ಸ್ ಹೀಗೆ ಹೇಳಿದ" ಎಂದು ವಾಕ್ಯ ಶುರು ಮಾಡಿದಿರೋ, ಆಗ ಆತ ಹೇಳಿದ ಪುಟವನ್ನಾದರೂ ನೋಡಿರಬೇಕು. ಕ್ಯಾಪಿಟಲ್‌ನ ಮೂರೂ ಸಂಪುಟ ಮುಗಿಸಬೇಕೆಂದು ನಾನು ಹಟ ಹಿಡಿಯುವುದಿಲ್ಲ. ಮಾರ್ಕ್ಸ್ ಕಣ್ಣೆದುರು ಅಚ್ಚಾದದ್ದು 1867ರ ಮೊದಲ ಸಂಪುಟ ಮಾತ್ರ. ಉಳಿದೆರಡನ್ನು ಆತನ ಒಡನಾಡಿ ಎಂಗೆಲ್ಸ್ 1885ರಲ್ಲಿ, 1894ರಲ್ಲಿ ಹೊರತಂದರು. ಮೂರನ್ನೂ ಓದಿದ ಮೇಲೆಯೇ ಮಾತು ಎನ್ನುವುದಾದರೆ 1894ರವರೆಗೆ ಮಾರ್ಕ್ಸ್‌ವಾದಿಗಳೇ ಇರುವಂತಿರಲಿಲ್ಲ!

ನನ್ನ ತಕರಾರು ನಿಜಕ್ಕೂ ಟೀಕಾಕಾರರ ಮೇಲಲ್ಲ, ಜೈಕಾರದವರ ಮೇಲೆ. ಒಂದು ಹೆಸರನ್ನು ಬಾವುಟ ಮಾಡಿಕೊಂಡವರಿಗೆ ಓದುವ ಹೊಣೆ ಹೆಚ್ಚು. ಮಾರುಕಟ್ಟೆ ಎಲ್ಲವನ್ನೂ ಸರಿಮಾಡುತ್ತದೆ ಎನ್ನುವವರು ಸ್ಮಿತ್‌ನ 'ಅದೃಶ್ಯ ಹಸ್ತ'ವನ್ನು, ಅಂದರೆ ತನ್ನ ಲಾಭಕ್ಕೆಂದು ದುಡಿದವನೂ ತನಗೆ ತಿಳಿಯದೆಯೇ ಸಮಾಜಕ್ಕೆ ಒಳಿತು ಮಾಡುತ್ತಾನೆ ಎಂಬ ವಿಚಾರವನ್ನು, ಮಂತ್ರದಂತೆ ಜಪಿಸುತ್ತಾರೆ. 1776ರ ಆ ದಪ್ಪ ಗ್ರಂಥ 'ವೆಲ್ತ್ ಆಫ್ ನೇಷನ್ಸ್'ನಲ್ಲಿ ಆ ಮಾತು ಬರುವುದು ಒಂದೇ ಸಲ. ಒಂದೇ ಕಸುಬಿನ ವ್ಯಾಪಾರಿಗಳು ಮೋಜಿಗಾಗಿ ಸೇರಿದರೂ ಮಾತು ಕೊನೆಗೆ ಜನರ ವಿರುದ್ಧದ ಸಂಚಿಗೋ ಬೆಲೆ ಏರಿಸುವ ಉಪಾಯಕ್ಕೋ ತಿರುಗುವುದೇ ಹೆಚ್ಚು ಎಂದು ಬರೆದವನೂ ಅದೇ ಸ್ಮಿತ್. ಕೋಲಾರದ ಎಪಿಎಂಸಿಯಲ್ಲಿ 15 ಕೆ.ಜಿ.ಯ ಟೊಮೆಟೊ ಬಾಕ್ಸ್ ಹರಾಜಿಗಿಟ್ಟು ನಿಂತ ರೈತನಿಗೆ ಈ ಸಾಲು ಓದಿ ಹೇಳಿ, ಇದನ್ನು ಬರೆದವನು ಯಾವ ಊರಿನವನು ಎಂದು ಕೇಳಿಯಾನು. 2023ರ ಜುಲೈನಲ್ಲಿ ಅದೇ ಬಾಕ್ಸ್ 2000 ರೂಪಾಯಿ ದಾಟಿತ್ತು. ಬೆಲೆ ಬಿದ್ದ ವರ್ಷ ರಸ್ತೆ ಬದಿಗೆ ಸುರಿದು ಹೋದವರೂ ಇವರೇ.

ಎಡದವರೂ ಕಡಿಮೆಯಿಲ್ಲ. ಬಂಡವಾಳಶಾಹಿ ಏನನ್ನೂ ಕೊಡಲಿಲ್ಲ ಎನ್ನುವವರು 1848ರ ಕಮ್ಯುನಿಸ್ಟ್ ಪ್ರಣಾಳಿಕೆಯನ್ನೇ ತೆರೆಯಬಹುದು, ತೆಳ್ಳಗಿನ ಪುಸ್ತಕ, ಕನ್ನಡದಲ್ಲೂ ಇದೆ. ಬಂಡವಾಳಶಾಹಿ ವರ್ಗ ನೂರು ವರ್ಷವೂ ತುಂಬದ ತನ್ನ ಆಳ್ವಿಕೆಯಲ್ಲಿ ಹಿಂದಿನ ಎಲ್ಲ ತಲೆಮಾರುಗಳು ಸೇರಿ ಮಾಡಿದ್ದಕ್ಕಿಂತ ದೊಡ್ಡ ಉತ್ಪಾದಕ ಶಕ್ತಿಗಳನ್ನು ಸೃಷ್ಟಿಸಿದೆ ಎಂದು ಮಾರ್ಕ್ಸ್ ಮತ್ತು ಎಂಗೆಲ್ಸ್ ಅದರಲ್ಲಿ ಬೆರಗಿನಿಂದಲೇ ಬರೆದಿದ್ದಾರೆ.

ಓದಿ ಟೀಕಿಸುವುದು ಹೇಗೆಂದು ನೋಡಬೇಕಿದ್ದರೆ ಅಂಬೇಡ್ಕರ್ ಇದ್ದಾರೆ. ಬುದ್ಧನನ್ನೂ ಮಾರ್ಕ್ಸ್‌ನನ್ನೂ ಎದುರುಬದುರು ಕೂರಿಸಿದ ಬರಹದಲ್ಲಿ ಅವರು ಮೊದಲು ಮಾರ್ಕ್ಸ್‌ನ ನಿಲುವುಗಳನ್ನು ಸಾಲಾಗಿ ಇಡುತ್ತಾರೆ, ಬಹುಪಾಲು ಬಿದ್ದುಹೋಗಿವೆ ಎನ್ನುತ್ತಾರೆ, ಉಳಿದ ನಾಲ್ಕು ಅಂಶಗಳನ್ನು ಚಿಕ್ಕದಾದರೂ ಮುಖ್ಯವಾದ ಬೆಂಕಿಯ ಶೇಷ ಎಂದು ಎತ್ತಿಡುತ್ತಾರೆ. ಈಗಿನ ನಮ್ಮ ಜಗಳಗಳಲ್ಲಿ ಎದುರಾಳಿಯ ಒಂದು ಅಂಶವನ್ನಾದರೂ ಹೀಗೆ ಎತ್ತಿಟ್ಟವರನ್ನು ನಾನಂತೂ ಕಂಡಿಲ್ಲ.

ಪೂರ್ತಿ ಓದಲು ಬಿಡುವಿಲ್ಲ ಎನ್ನುವವರಿಗೆ ಒಂದೇ ಅಧ್ಯಾಯ ಹೇಳುತ್ತೇನೆ: ಕ್ಯಾಪಿಟಲ್‌ನ ಮೊದಲ ಸಂಪುಟದ ಹತ್ತನೆಯದು, ದುಡಿಮೆಯ ದಿನದ ಕುರಿತದ್ದು. ಅಲ್ಲಿ ಸಿದ್ಧಾಂತಕ್ಕಿಂತ ಇಂಗ್ಲೆಂಡಿನ ಕಾರ್ಖಾನೆ ತನಿಖಾಧಿಕಾರಿಗಳ ವರದಿಗಳೇ ಹೆಚ್ಚು ಮಾತಾಡುತ್ತವೆ. 2020ರ ಡಿಸೆಂಬರ್‌ನಲ್ಲಿ ಸಂಬಳದ ತಕರಾರಿನಿಂದ ನಮ್ಮ ಜಿಲ್ಲೆಯ ನರಸಾಪುರದ ಮೊಬೈಲ್ ಕಾರ್ಖಾನೆಯಲ್ಲಿ ಗಾಜು ಒಡೆದದ್ದು ನಿಮಗೆ ನೆನಪಿರಬಹುದು. 2023ರಲ್ಲಿ ನಮ್ಮ ವಿಧಾನಮಂಡಲ ದಿನದ ಪಾಳಿಯನ್ನು 12 ಗಂಟೆಯವರೆಗೆ ಹಿಗ್ಗಿಸಲು ದಾರಿ ಮಾಡಿಕೊಟ್ಟಿತು. ಆ ತಿದ್ದುಪಡಿಯ ಪರ ಇರುವವರು, ವಿರೋಧ ಇರುವವರು, ಇಬ್ಬರೂ ಅಧ್ಯಾಯ ಮುಗಿಸಿ ಬನ್ನಿ. ಮಾರ್ಕ್ಸ್ ತಪ್ಪು ಎನಿಸಿದರೆ ಎಲ್ಲಿ ತಪ್ಪು ಎಂದು ಕೆಳಗೆ ಬರೆಯಿರಿ, ನಾನು ಉತ್ತರಿಸುತ್ತೇನೆ.